ಒಣ ಲೇನ್‌ಗೆ ಒಂದು ಚೆಂಡು: ಹದಿನಾಲ್ಕು ವಾರಗಳ ಕೆಲಸದ ದಾಖಲೆ

ನಾನು ಆಡುವುದು ಹತ್ತು ಪಿನ್‌ಗಳನ್ನು ಉರುಳಿಸುವ ಟೆನ್‌ಪಿನ್ ಬೌಲಿಂಗ್. ಸಂಜೆಯ ಮೊದಲ ಆಟದಲ್ಲಿ ನೇರವಾಗಿ ಪಾಕೆಟ್ (ಮುಂದಿನ ಪಿನ್ ಮತ್ತು ಅದರ ಬಲಹಿಂದಿನ ಪಿನ್ ನಡುವಿನ ಜಾಗ) ಸೇರುತ್ತಿದ್ದ ನನ್ನ ಚೆಂಡು, ಲೇನ್ (ಚೆಂಡು ಉರುಳುವ ಹಾದಿ) ಮೇಲಿನ ಎಣ್ಣೆ ಸವೆದು ಮೂರನೆಯ ಆಟ ಆರಂಭವಾಗುವ ಹೊತ್ತಿಗೆ ಸಂಪೂರ್ಣವಾಗಿ ಹಿಡಿತ ತಪ್ಪುತ್ತಿತ್ತು. ಈ ತೊಂದರೆಯನ್ನು ಒಂದು ವರ್ಷ ಸಹಿಸಿಕೊಂಡ ನಂತರ, ಒಣ ಲೇನ್‌ಗೆಂದೇ ಒಂದು ಚೆಂಡನ್ನು ಆರಿಸಿ, ಕೊರೆಸಿ, ಮೇಲ್ಮೈ ಹದಗೊಳಿಸಿ, ಅದನ್ನು ಎಸೆಯುವ ಕ್ರಮವನ್ನೂ ಕಲಿತುಕೊಳ್ಳಬೇಕೆಂದು ನಿರ್ಧರಿಸಿದೆ. ಅದಕ್ಕೆ ಹದಿನಾಲ್ಕು ವಾರಗಳು ಹಿಡಿದವು. ಅವುಗಳಲ್ಲಿ ಕನಿಷ್ಠ ಆರು ವಾರಗಳು ನನ್ನದೇ ತಪ್ಪುಗಳಿಂದ ಹೋದವು. ಆ ತಪ್ಪುಗಳನ್ನು ವಿವರವಾಗಿ ಬರೆದಿಡುವುದೇ ಈ ದಾಖಲೆಯ ಮುಖ್ಯ ಉದ್ದೇಶ.

ನಾನು ಬಲಗೈ ಆಟಗಾರ. 15 ಪೌಂಡ್ ತೂಕದ ಚೆಂಡನ್ನು ಬೆರಳ ತುದಿಯ ಹಿಡಿತದಲ್ಲಿ ಎಸೆಯುತ್ತೇನೆ. ಕೆಳಗೆ ಬರುವ ಬೋರ್ಡ್ (ಲೇನ್‌ನ ಉದ್ದಕ್ಕೂ ಇರುವ ಕಿರಿದಾದ ಹಲಗೆ) ಸಂಖ್ಯೆಗಳನ್ನೆಲ್ಲ ಬಲಗಡೆಯ ಗಟರ್‌ನಿಂದ, ಎಂದರೆ ಅಂಚಿನ ಕಾಲುವೆಯಿಂದ, ಎಣಿಸಲಾಗಿದೆ. ಲೇನ್‌ನ ಅಗಲಕ್ಕೆ ಒಟ್ಟು 39 ಬೋರ್ಡ್‌ಗಳಿವೆ, ಎಸೆಯುವವನು ದಾಟಬಾರದ ಗೆರೆಯಾದ ಫೌಲ್ ಲೈನ್‌ನಿಂದ ಮುಂದಿನ ಪಿನ್‌ಗೆ 60 ಅಡಿ ದೂರವಿದೆ. ಎಡಗೈ ಆಟಗಾರರು ಎಡ ಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ಬಳಸಿದ ಸಾಮಗ್ರಿಗಳು ಇವು: ಮೇಣದ ಪೆನ್ಸಿಲ್, ಬಳುಕುವ ಅಳತೆ ಟೇಪ್, ಬಿಳಿಯ ಅಂಟುಪಟ್ಟಿ, ಸ್ಟಾಪ್‌ವಾಚ್, ಸೆಕೆಂಡಿಗೆ 60 ಚೌಕಟ್ಟು ದಾಖಲಿಸುವ ಫೋನ್ ಮತ್ತು ಅದನ್ನು ನಿಲ್ಲಿಸಲು ಒಂದು ಟ್ರೈಪಾಡ್, 2000, 3000 ಹಾಗೂ 4000 ಗ್ರಿಟ್‌ನ (ಸಂಖ್ಯೆ ಹೆಚ್ಚಿದಷ್ಟೂ ನಯ) ಉಜ್ಜುವ ಪ್ಯಾಡ್‌ಗಳು, ಒಂದು ಬಾಟಲಿ ಪಾಲಿಶ್, ಮೈಕ್ರೋಫೈಬರ್ ಬಟ್ಟೆಗಳು. ಚೆಂಡನ್ನು ತಿರುಗಿಸುವ ಸ್ಪಿನ್ನರ್ ಯಂತ್ರ, ತಕ್ಕಡಿ ಮತ್ತು ಕೊರೆಯುವ ಯಂತ್ರ ನನ್ನವಲ್ಲ. ಚೆಂಡು ಕೊರೆಯುವವರ ಬಳಿ ಹೋಗಿ ಆ ಕೆಲಸಗಳನ್ನು ಮಾಡಿಸಿದೆ.

1ನೇ ವಾರ: ತೊಂದರೆಯನ್ನು ಬರೆದಿಟ್ಟುಕೊಂಡದ್ದು

ಆಗ ನನ್ನ ಬಳಿ ಇದ್ದುದು ಬಲವಾದ ಚೆಂಡು. ಅದರ ಹೊರಕವಚ ಸಾಲಿಡ್ ರಿಯಾಕ್ಟಿವ್ ರೆಸಿನ್ (ಲೇನ್ ಅನ್ನು ಬಲವಾಗಿ ಹಿಡಿಯುವ ಬಗೆ), ಒಳಗಿನ ಕೋರ್ (ತೂಕದ ತಿರುಳು) ಅಸಮಪಾರ್ಶ್ವದ್ದು, ಆರ್‌ಜಿ (ತೂಕ ಕೇಂದ್ರದಿಂದ ಎಷ್ಟು ದೂರ ಹರಡಿದೆ ಎಂಬ ಅಳತೆ) 2.48, ಡಿಫರೆನ್ಶಿಯಲ್ (ಗರಿಷ್ಠ ಮತ್ತು ಕನಿಷ್ಠ ಆರ್‌ಜಿಗಳ ವ್ಯತ್ಯಾಸ) 0.050, ಮೇಲ್ಮೈ 2000 ಗ್ರಿಟ್. ಎಣ್ಣೆ ಹೆಚ್ಚಿರುವ ಲೇನ್‌ಗಾಗಿಯೇ ಅದನ್ನು ಮಾಡಲಾಗಿದೆ ಎಂಬುದು ಈ ಅಂಕಿಗಳಲ್ಲೇ ಇದೆ, ಆದರೆ ಅವುಗಳನ್ನು ಓದುವುದು ನನಗೆ ಆಗ ತಿಳಿದಿರಲಿಲ್ಲ.

ಮೂರನೆಯ ಮತ್ತು ನಾಲ್ಕನೆಯ ಆಟಗಳಲ್ಲಿ ಎಸೆದ 30 ಮೊದಲ ಚೆಂಡುಗಳನ್ನು ವೀಡಿಯೋ ಮಾಡಿ, ಒಂದೊಂದನ್ನೂ ಪುಸ್ತಕದಲ್ಲಿ ಬರೆದೆ. 11 ಚೆಂಡುಗಳು ಮುಂದಿನ ಪಿನ್‌ಗೆ ಪೂರ್ತಿಯಾಗಿ ಬಡಿದವು ಅಥವಾ ಅದನ್ನೂ ದಾಟಿ ಎಡಕ್ಕೆ ಹೋದವು. 13 ಚೆಂಡುಗಳು ಪಾಕೆಟ್ ಸೇರಿದವು. ಉಳಿದ 6 ಚೆಂಡುಗಳೇ ನನ್ನನ್ನು ದಾರಿ ತಪ್ಪಿಸಿದವು. ಅವು ಪಾಕೆಟ್‌ನ ಹತ್ತಿರಕ್ಕೆ ಬಂದರೂ ಸತ್ವವಿಲ್ಲದೆ ಬಡಿದು ಬಲಕ್ಕೆ ಜಾರಿ, 5-7 ಅಥವಾ 8-10 ಸ್ಪ್ಲಿಟ್ (ಆ ಸಂಖ್ಯೆಯ, ಒಂದರಿಂದೊಂದು ದೂರವಿರುವ ಎರಡು ಪಿನ್‌ಗಳು) ಉಳಿಸುತ್ತಿದ್ದವು, ಇಲ್ಲವೆ 10ನೇ ಪಿನ್ ಅಲುಗದೆ ನಿಲ್ಲುತ್ತಿತ್ತು.

ಈ ಆರು ಎಸೆತಗಳನ್ನು ಕಂಡು ನಾನು ಚೆಂಡು ಸಾಕಷ್ಟು ತಿರುಗಲಿಲ್ಲವೆಂದು ತೀರ್ಮಾನಿಸಿ, ಇನ್ನಷ್ಟು ಹುಕ್ (ಚೆಂಡು ಪಾಕೆಟ್ ಕಡೆಗೆ ಬಾಗುವುದು) ಸಿಗಲೆಂದು ಪಾದಗಳನ್ನು ಬಲಕ್ಕೆ ಸರಿಸುತ್ತಿದ್ದೆ. ಹಾಗೆ ಸರಿದಾಗ ಚೆಂಡು ಮತ್ತಷ್ಟು ಒಣಗಿದ ಬೋರ್ಡ್‌ಗಳ ಮೇಲೆ ಹೋಗಿ ಫಲಿತಾಂಶ ಇನ್ನೂ ಕೆಡುತ್ತಿತ್ತು. ಇಡೀ ಒಂದು ವರ್ಷ ನಾನು ಮಾಡಿದ ತಪ್ಪು ಇದೇ. ವೀಡಿಯೋವನ್ನು ನಿಧಾನಗತಿಯಲ್ಲಿ ನೋಡಿದಾಗ ವಿಷಯ ಸ್ಪಷ್ಟವಾಯಿತು: ಚೆಂಡು ತಿರುಗಲಿಲ್ಲ ಎಂಬುದು ಸುಳ್ಳು, ಅದು ಲೇನ್ ಮೇಲೆ ಗುರಿಗಾಗಿ ಇರುವ ಬಾಣದ ಗುರುತುಗಳನ್ನು ದಾಟಿದ ಕೂಡಲೇ ನೆಲವನ್ನು ಕಚ್ಚಿ ತಿರುಗಿ, ತನ್ನಲ್ಲಿದ್ದ ಶಕ್ತಿಯನ್ನೆಲ್ಲ ಲೇನ್‌ನ ನಡುಭಾಗದಲ್ಲೇ ಖರ್ಚುಮಾಡಿ, ಕೊನೆಯ 15 ಅಡಿಗಳಲ್ಲಿ ಸುಮ್ಮನೆ ಉರುಳುತ್ತಿತ್ತು. ಮುಂದಿನ ಪಿನ್‌ಗೆ ಪೂರ್ತಿ ಬಡಿದ ಹನ್ನೊಂದಕ್ಕೂ ಸತ್ವವಿಲ್ಲದೆ ಬಡಿದ ಆರಕ್ಕೂ ಕಾರಣ ಒಂದೇ ಆಗಿತ್ತು. ತೊಂದರೆ ಇದ್ದುದು ಹುಕ್ ಎಷ್ಟು ಎಂಬುದರಲ್ಲಿ ಅಲ್ಲ, ಅದು ಎಲ್ಲಿ ಆರಂಭವಾಗುತ್ತದೆ ಎಂಬುದರಲ್ಲಿ. ಮುಂದಿನ ಎಲ್ಲ ಆಯ್ಕೆಗಳನ್ನೂ ಈ ಒಂದು ಮಾತಿನ ಮೇಲೆ ಮಾಡಿದೆ.

ಲೇನ್ ಒಣಗಿದೆಯೇ ಎಂದು ತಿಳಿಯಲು ಚೆಂಡನ್ನೇ ನೋಡಿದರೆ ಸಾಕು. ಎಸೆದ ಚೆಂಡು ಹಿಂತಿರುಗಿದಾಗ ಅದರ ಮೇಲೆ ಎಣ್ಣೆಯ ಉಂಗುರಗಳಿರುತ್ತವೆ. ಮೊದಲ ಆಟದಲ್ಲಿ ಅವು ದಪ್ಪಗೆ, ಬಟ್ಟೆಗೆ ಅಂಟುವಂತೆ ಇರುತ್ತಿದ್ದವು. ಮೂರನೆಯ ಆಟದಲ್ಲಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ತೆಳು ಗೆರೆಗಳಾಗುತ್ತಿದ್ದವು.

2ನೇ ವಾರ: ಇದ್ದ ಚೆಂಡಿಗೇ ಪಾಲಿಶ್, ವಿಫಲ

ಹೊಸ ಚೆಂಡೇಕೆ, ಇದ್ದುದಕ್ಕೇ ಹೊಳಪು ಕೊಟ್ಟರೆ ಸಾಲದೇ ಎಂದು ಯೋಚಿಸಿ, ಹಳೆಯ ಚೆಂಡನ್ನು ಬಟ್ಟೆಯಲ್ಲಿ ಒರೆಸಿ ನೇರವಾಗಿ ಪಾಲಿಶ್ ಹಚ್ಚಿದೆ. ಇದರಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದು, ಕವಚದೊಳಕ್ಕೆ ಇಳಿದಿದ್ದ ಹಳೆಯ ಎಣ್ಣೆಯನ್ನು ತೆಗೆಯದೆ ಹೊಳಪು ಕೊಟ್ಟದ್ದು. ಎರಡನೆಯದು, ಪಾಲಿಶ್‌ಗೆ ಮೊದಲು ಪ್ಯಾಡ್‌ನಿಂದ ಮೇಲ್ಮೈಯನ್ನು ಸಮನಾಗಿ ಉಜ್ಜದೇ ಇದ್ದದ್ದು. ಇದರಿಂದ ಸವೆದ ಜಾಗ ಮತ್ತು ಸವೆಯದ ಜಾಗ ಬೇರೆ ಬೇರೆಯಾಗಿಯೇ ಉಳಿದವು.

ಮೊದಲ ಎಂಟು ಎಸೆತಗಳು ಆಶೆ ಹುಟ್ಟಿಸಿದವು. ನಂತರ ಚೆಂಡಿನ ನಡವಳಿಕೆ ಎರಡಾಗಿ ಸೀಳಿತು: ಎಣ್ಣೆ ಉಳಿದಿದ್ದ ಬೋರ್ಡ್ ತಾಕಿದರೆ ಜಾರಿಕೊಂಡು ಬಲಕ್ಕೆ ಹೋಗಿಬಿಡುತ್ತಿತ್ತು, ಅರ್ಧ ಬೋರ್ಡ್ ಆಚೆ ಒಣ ಜಾಗ ತಾಕಿದರೆ ಒಮ್ಮೆಲೇ ಎಡಕ್ಕೆ ನೆಗೆಯುತ್ತಿತ್ತು. ಎರಡು ಆಟ ಮುಗಿಯುವಷ್ಟರಲ್ಲಿ ಲೇನ್ ತಾಕುವ ಪಟ್ಟಿಯ ಹೊಳಪು ಸವೆದು ಮಂಕಾಗಿತ್ತು. ಬಲವಾದ ಕವಚ, ಬಲವಾದ ಕೋರ್ ಇರುವ ಚೆಂಡನ್ನು ಪಾಲಿಶ್ ಒಂದರಿಂದಲೇ ಸಾಧುವಾಗಿಸಲಾಗದು ಎಂಬುದು ನನಗೆ ಖಚಿತವಾಯಿತು.

3ನೇ ವಾರ: ಪ್ಲಾಸ್ಟಿಕ್ ಚೆಂಡು

ಸ್ಪೇರ್‌ಗಳಿಗೆ (ಉಳಿದ ಪಿನ್‌ಗಳನ್ನು ಎರಡನೆಯ ಎಸೆತದಲ್ಲಿ ಬೀಳಿಸಲು) ಬಳಸುವ ಪಾಲಿಯೆಸ್ಟರ್ ಚೆಂಡು, ನಮ್ಮ ಮಾತಿನಲ್ಲಿ ಪ್ಲಾಸ್ಟಿಕ್ ಚೆಂಡು, ಚೀಲದಲ್ಲಿತ್ತು. ಅದನ್ನೇ ಹುಕ್ ಮಾಡುವ ಕೈಯಿಂದ ಎಸೆದು ನೋಡಿದೆ. ಒಣ ಲೇನ್ ಮೇಲೆ ಅದು ನಾಲ್ಕೈದು ಬೋರ್ಡ್‌ಗಳಷ್ಟು ತಿರುಗಿತು. 30 ಎಸೆತಗಳಲ್ಲಿ 21 ಪಾಕೆಟ್ ಸೇರಿದವು. ಆದರೆ ಆ 21ರಲ್ಲಿ ಸ್ಟ್ರೈಕ್ (ಒಂದೇ ಎಸೆತಕ್ಕೆ ಹತ್ತೂ ಪಿನ್ ಬೀಳುವುದು) ಆದವು 6 ಮಾತ್ರ.

ಕಾರಣ ಪಿನ್‌ಗಳನ್ನು ಸೇರುವ ಕೋನ. 60 ಅಡಿ ದೂರದಲ್ಲಿ, 17ನೇ ಬೋರ್ಡ್‌ನ ಆಸುಪಾಸಿನಲ್ಲಿರುವ ಪಾಕೆಟ್‌ಗೆ, ಬಲತುದಿಯ ಮೊದಲ ಬೋರ್ಡ್‌ನಿಂದ ಸಂಪೂರ್ಣ ನೇರವಾಗಿ ಎಸೆದರೂ ಸಿಗುವ ಕೋನ ಸುಮಾರು ಒಂದೂವರೆ ಡಿಗ್ರಿ. ಸ್ಟ್ರೈಕ್‌ಗೆ ಅತ್ಯಂತ ಅನುಕೂಲವೆಂದು ಹೇಳುವ ಕೋನ ಸುಮಾರು 6 ಡಿಗ್ರಿ. ನಾನು ಇದನ್ನು ಒಂದು ಒರಟು ವಿಧಾನದಿಂದ ಅಳೆದೆ. ನನ್ನ ವೇಗದಲ್ಲಿ ಚೆಂಡು ಕೊನೆಯ 10 ಅಡಿಗಳನ್ನು ಸುಮಾರು 27 ಚೌಕಟ್ಟುಗಳಲ್ಲಿ ದಾಟುತ್ತದೆ. ಆದ್ದರಿಂದ ಚೆಂಡು ಪಿನ್ ತಾಕಿದ ಚೌಕಟ್ಟಿನಿಂದ 27 ಹಿಂದಕ್ಕೆ ಹೋಗಿ, ಅಲ್ಲಿಂದ ಅದು ಎಷ್ಟು ಬೋರ್ಡ್ ದಾಟಿತೆಂದು ಎಣಿಸಿದರೆ, ಎರಡು ಬೋರ್ಡ್‌ಗೆ ಒಂದು ಡಿಗ್ರಿಯಂತೆ ಲೆಕ್ಕ ಸಿಗುತ್ತದೆ. ಪ್ಲಾಸ್ಟಿಕ್ ಚೆಂಡು ದಾಟಿದ್ದು ನಾಲ್ಕು ಬೋರ್ಡ್, ಎಂದರೆ 2 ಡಿಗ್ರಿ.

ಪ್ಲಾಸ್ಟಿಕ್ ಚೆಂಡನ್ನು ಕೀಳಾಗಿ ಕಾಣಬಾರದು ಎಂಬುದನ್ನೂ ಇಲ್ಲಿ ಹೇಳಬೇಕು. 1973ರಲ್ಲಿ ಡಾನ್ ಮೆಕ್ಯೂನ್ ಅವರು ದ್ರಾವಕದಲ್ಲಿ ನೆನೆಸಿ ಮೆತ್ತಗಾಗಿಸಿದ ಪ್ಲಾಸ್ಟಿಕ್ ಚೆಂಡಿನಿಂದಲೇ ವೃತ್ತಿಪರ ಸರಣಿಯಲ್ಲಿ ಆರು ಪ್ರಶಸ್ತಿಗಳನ್ನು ಗೆದ್ದರು. ಚೆಂಡಿನ ಗಡಸುತನಕ್ಕೆ ಕನಿಷ್ಠ ಮಿತಿಯನ್ನು ನಿಯಮದಲ್ಲಿ ಸೇರಿಸಿದ್ದು ಅದರ ನಂತರವೇ. ನೆನೆಸುವ ಕೆಲಸಕ್ಕೆ ಇಂದು ಯಾರೂ ಕೈಹಾಕಬಾರದು: ಅದು ನಿಯಮಬಾಹಿರ, ಆ ದ್ರಾವಕದ ಆವಿಯೂ ಅಪಾಯಕಾರಿ. ಎಣ್ಣೆ ಪೂರ್ತಿ ಒಣಗಿಹೋದ ಲೇನ್‌ಗೆ ಸಾಧಾರಣ ಪ್ಲಾಸ್ಟಿಕ್ ಚೆಂಡೇ ಈಗಲೂ ನನ್ನ ಕೊನೆಯ ಆಸರೆ.

4ನೇ ವಾರ: ಎರವಲು ತಂದ ಯುರೆಥೇನ್

ಜೊತೆಯಲ್ಲಿ ಆಡುವವರೊಬ್ಬರ ಯುರೆಥೇನ್ (ಪ್ಲಾಸ್ಟಿಕ್‌ಗಿಂತ ಹೆಚ್ಚು, ರಿಯಾಕ್ಟಿವ್‌ಗಿಂತ ಕಡಿಮೆ ಹಿಡಿತದ ಕವಚ) ಚೆಂಡನ್ನು ಎರಡು ಸಂಜೆ ಎರವಲು ಪಡೆದೆ. ಅದರ ರಂಧ್ರಗಳು ನನ್ನ ಕೈಗೆ ಅಷ್ಟಾಗಿ ಹೊಂದುತ್ತಿರಲಿಲ್ಲವಾದ್ದರಿಂದ ಈ ಪರೀಕ್ಷೆಯನ್ನು ಪೂರ್ಣ ನ್ಯಾಯವಾದದ್ದೆಂದು ಹೇಳಲಾರೆ. ಅದರ ಮೇಲ್ಮೈ 1000 ಗ್ರಿಟ್‌ನಷ್ಟು ಮಂಕಾಗಿತ್ತು. ನೆಗೆತವಿಲ್ಲದೆ ಒಂದೇ ಬಾಗಿನಲ್ಲಿ ಹೋಗುವ ಅದರ ನಡೆ ನನಗೆ ಬಹಳ ಹಿಡಿಸಿತು. ಒಂದು ಬೋರ್ಡ್ ತಪ್ಪಿದರೆ ಫಲಿತಾಂಶವೂ ಒಂದೇ ಬೋರ್ಡ್‌ನಷ್ಟು ತಪ್ಪುತ್ತಿತ್ತು. ಆದರೆ ಮಂಕು ಮೇಲ್ಮೈಯ ಕಾರಣದಿಂದ ಅದು 25 ಅಡಿಗೇ ತಿರುಗಲು ತೊಡಗಿ, ಕೊನೆಯಲ್ಲಿ ಮತ್ತೆ ಆ ಸತ್ವವಿಲ್ಲದ ಹೊಡೆತವನ್ನೇ ಕೊಟ್ಟಿತು. ಅದಕ್ಕೆ ಪಾಲಿಶ್ ಮಾಡಿ ನೋಡುವ ಆಸೆಯಾಯಿತು, ಆದರೆ ಮತ್ತೊಬ್ಬರ ಚೆಂಡಿನ ಮೇಲ್ಮೈ ಬದಲಿಸುವುದು ಸರಿಯಲ್ಲ.

32 ಅಡಿ, 34 ಅಡಿಗಳಷ್ಟೇ ಎಣ್ಣೆ ಹಾಕಿದ ಚಿಕ್ಕ ಪ್ಯಾಟರ್ನ್‌ಗಳ ಮೇಲೆ ಗಟರ್‌ನ ಅಂಚಿನಲ್ಲಿ ಆಡಲು ಯುರೆಥೇನ್ ಯೋಗ್ಯವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಪ್ಯಾಟರ್ನ್‌ನ ಉದ್ದದಿಂದ 31 ಕಳೆದರೆ ಚೆಂಡು ತಿರುಗಬೇಕಾದ ಬೋರ್ಡ್ ಸಿಗುತ್ತದೆ ಎಂಬ ರೂಢಿಯ ಲೆಕ್ಕದಂತೆ, 32 ಅಡಿಗೆ ಅದು ಮೊದಲನೆಯ ಬೋರ್ಡ್, 40 ಅಡಿಗೆ ಒಂಬತ್ತನೆಯದು. ನನ್ನದು ಎರಡನೆಯ ಬಗೆಯ ಲೇನ್: 40 ಅಡಿಯ ಸಾಮಾನ್ಯ ಪ್ಯಾಟರ್ನ್ ಆಟದಿಂದ ಆಟಕ್ಕೆ ಒಣಗುವುದು. ಈ ಎರಡನ್ನೂ ಒಣ ಲೇನ್ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಸಲಹೆಗಳು ಕಲಸಿಹೋಗುತ್ತವೆ.

5ನೇ ವಾರ: ಆಯ್ಕೆ

ಹುಕ್ ತಡವಾಗಿ ಆರಂಭವಾಗಬೇಕು, ಆದರೆ ಕೊನೆಯಲ್ಲಿ ಪ್ಲಾಸ್ಟಿಕ್‌ಗಿಂತ ಹೆಚ್ಚಿನ ಕೋನ ಬೇಕು. ಹಾಗಾಗಿ ಹೊಳಪಿನ ಪರ್ಲ್ ರಿಯಾಕ್ಟಿವ್ ಕವಚದ, ಆದರೆ ಆ ಬಗೆಯಲ್ಲೇ ಅತ್ಯಂತ ಸೌಮ್ಯವಾದ ಚೆಂಡನ್ನು ಹುಡುಕಿದೆ. ಕೋರ್ ಸಮಪಾರ್ಶ್ವದ್ದಾಗಿರಬೇಕು, ಆರ್‌ಜಿ ಹೆಚ್ಚಿರಬೇಕು, ಡಿಫರೆನ್ಶಿಯಲ್ ಕಡಿಮೆಯಿರಬೇಕು ಎಂದು ಮೂರು ಷರತ್ತುಗಳನ್ನು ಬರೆದುಕೊಂಡೆ. ನಿಯಮದ ಪ್ರಕಾರ ಆರ್‌ಜಿ 2.46ರಿಂದ 2.80ರ ಒಳಗಿರಬೇಕು, ಡಿಫರೆನ್ಶಿಯಲ್ 0.060 ಮೀರಬಾರದು. ಆರಿಸಿದ ಚೆಂಡಿನ ಆರ್‌ಜಿ 2.57, ಡಿಫರೆನ್ಶಿಯಲ್ 0.030, ತೂಕ ಅದೇ 15 ಪೌಂಡ್. ತೂಕ ಇಳಿಸಿದರೆ ವೇಗ ಹೆಚ್ಚಿಸಬಹುದೆಂಬ ಯೋಚನೆ ಬಂದಿತ್ತು, ಆದರೆ ಒಂದೇ ಬಾರಿಗೆ ಎರಡು ಸಂಗತಿಗಳನ್ನು ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲವೆಂದು ಬಿಟ್ಟೆ.

ಈ ಮೂರರಲ್ಲಿ ಕವಚ ಮತ್ತು ಅದರ ಮೇಲ್ಮೈಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಲೇನ್ ತಾಕುವುದು ಅದೇ. ಕೋರ್‌ನ ಅಂಕಿಗಳಿಗೆ ಮರುಳಾಗಿ ಬಲವಾದ ಕವಚದ ಚೆಂಡನ್ನು ಕೊಂಡರೆ ನನ್ನ ಎರಡನೆಯ ವಾರದ ಅನುಭವವೇ ಮರುಕಳಿಸುತ್ತದೆ.

6 ಮತ್ತು 7ನೇ ವಾರ: ತಪ್ಪು ಅಳತೆ, ತಪ್ಪು ಕೊರೆತ

ಇಡೀ ಕೆಲಸದಲ್ಲಿ ಅತಿ ದೊಡ್ಡ ತಪ್ಪು ಇಲ್ಲಿ ಆಯಿತು, ಅದಕ್ಕೆ ಹೊಣೆ ಪೂರ್ತಿಯಾಗಿ ನನ್ನದು.

ಕೊರೆಯುವವರಿಗೆ ಆಟಗಾರನ ಅಕ್ಷಬಿಂದು ಬೇಕು. ಕೈಬಿಟ್ಟ ಕ್ಷಣದಲ್ಲಿ ಚೆಂಡು ಯಾವ ಬಿಂದುವಿನ ಸುತ್ತ ಸುತ್ತುತ್ತದೋ ಆ ಬಿಂದುವನ್ನು ಪಿಎಪಿ ಎನ್ನುತ್ತಾರೆ. ಹಿಡಿತದ ಮಧ್ಯದಿಂದ ಅದು ಎಷ್ಟು ಇಂಚು ಬಲಕ್ಕೆ, ಎಷ್ಟು ಮೇಲಕ್ಕೆ ಅಥವಾ ಕೆಳಕ್ಕೆ ಎಂದು ಅಳೆಯಬೇಕು. ತಾವೇ ಅಳೆದುಕೊಡುವುದಾಗಿ ಕೊರೆಯುವವರು ಹೇಳಿದರು. ಮನೆಯಲ್ಲೇ ಅಳೆದು ತಂದಿದ್ದೇನೆಂದು ನಾನು ನನ್ನ ಅಂಕಿಗಳನ್ನು ಕೊಟ್ಟೆ: 4 ಇಂಚು ಬಲಕ್ಕೆ, 1 ಇಂಚು ಮೇಲಕ್ಕೆ.

ಆ ಅಂಕಿಗಳನ್ನು ನಾನು ತೆಗೆದದ್ದು ಹಳೆಯ ಬಲವಾದ ಚೆಂಡಿನಿಂದ. ಅದು ಸಾಗುವಾಗ ಅಕ್ಷ ಸರಿಯುತ್ತ ಹೋಗುವುದರಿಂದ ಒಂದೇ ಎಸೆತದಲ್ಲಿ ಏಳೆಂಟು ಎಣ್ಣೆಯ ಉಂಗುರಗಳು ಬೀಳುತ್ತವೆ. ಕೈಬಿಟ್ಟಾಗಿನ ಮೊದಲ ಉಂಗುರವನ್ನು ಆರಿಸುವ ಬದಲು ನಡುವಿನ ಯಾವುದೋ ದಪ್ಪ ಉಂಗುರವನ್ನು ಮೇಣದ ಪೆನ್ಸಿಲ್‌ನಿಂದ ಗುರುತಿಸಿ ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯೇ ಎಂದು ನೋಡಲು ಆ ಬಿಂದುವಿಗೆ ಬಿಳಿ ಪಟ್ಟಿ ಅಂಟಿಸಿ ಎಸೆದಿದ್ದೆ ಕೂಡ. ಬಿಂದು ಸರಿಯಿದ್ದರೆ ಮೊದಲ ಕೆಲವು ಅಡಿಗಳಲ್ಲಿ ಪಟ್ಟಿ ಒಂದೇ ಕಡೆ ನಿಂತಂತೆ ಕಾಣಬೇಕು. ನನ್ನ ವೀಡಿಯೋದಲ್ಲಿ ಅದು ಸಣ್ಣ ವೃತ್ತ ಬರೆಯುತ್ತ ತೂಗಾಡುತ್ತಿತ್ತು. ಅದನ್ನು ಕಂಡೂ ಇಷ್ಟು ಸಣ್ಣ ವ್ಯತ್ಯಾಸ ಪರವಾಗಿಲ್ಲವೆಂದು ಸುಮ್ಮನಾದೆ.

ಕೊರೆದ ಚೆಂಡನ್ನು ಏಳನೆಯ ವಾರ ಮೊದಲ ಸಲ ಎಸೆದಾಗ ಲೇನ್ ಉದ್ದಕ್ಕೂ ಟಕ್ ಟಕ್ ಎಂಬ ಸದ್ದು ಕೇಳಿತು. ಒರೆಸುವ ಮೊದಲು ಚೆಂಡನ್ನು ಬೆಳಕಿಗೆ ಹಿಡಿದಾಗ ಎಣ್ಣೆಯ ಉಂಗುರಗಳಲ್ಲಿ ಎರಡು ಹೆಬ್ಬೆರಳಿನ ರಂಧ್ರದ ಅಂಚಿನ ಮೇಲೆಯೇ ಹಾದುಹೋಗಿದ್ದವು. ಪ್ರತಿ ಸುತ್ತಿಗೂ ಚೆಂಡು ತನ್ನ ರಂಧ್ರದ ಮೇಲೆ ಉರುಳುತ್ತಿತ್ತು. ಹಾಗೆ ಉರುಳಿದಾಗ ಅದು ದಿಕ್ಕನ್ನೂ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. 12 ಎಸೆತಗಳಲ್ಲಿ ಎರಡು ಒಂದೇ ಬಗೆಯಾಗಿರಲಿಲ್ಲ. ಹೊಸ ಚೆಂಡನ್ನು ಚೀಲಕ್ಕೆ ಹಾಕಿ ಆ ಸಂಜೆ ಆಟ ನಿಲ್ಲಿಸಿದೆ. ಬಹಳ ನೋವಾಯಿತು.

8 ಮತ್ತು 9ನೇ ವಾರ: ಮುಚ್ಚಿ ಮತ್ತೆ ಕೊರೆದದ್ದು

ಈ ಸಲ ಅಳತೆಗೆ ಪ್ಲಾಸ್ಟಿಕ್ ಚೆಂಡನ್ನು ತೆಗೆದುಕೊಂಡೆ. ಅದರ ಡಿಫರೆನ್ಶಿಯಲ್ ಅತ್ಯಲ್ಪವಾದ್ದರಿಂದ ಉಂಗುರಗಳು ಹರಡದೆ ಒಂದರ ಮೇಲೊಂದು ಬೀಳುತ್ತವೆ. ಆರಿಸುವ ಗೊಂದಲವೇ ಇಲ್ಲ. ಎಣ್ಣೆ ಹೊಸದಾಗಿ ಹಾಕಿದ ಲೇನ್ ಮೇಲೆ, ಸ್ಪೇರ್‌ಗೆ ನೇರವಾಗಿ ಎಸೆಯುವಂತೆ ಅಲ್ಲದೆ ಹುಕ್ ಮಾಡುವ ರೀತಿಯಲ್ಲೇ ಐದು ಸಲ ಎಸೆದು, ಐದು ಉಂಗುರಗಳನ್ನೂ ಗುರುತಿಸಿದೆ. ಕೊರೆಯುವವರು ತಮ್ಮ ಬಾಗಿದ ಅಳತೆಪಟ್ಟಿಯಿಂದ ಬಿಂದುವನ್ನು ತೆಗೆದರು: 5 ಇಂಚು ಬಲಕ್ಕೆ, ಅರ್ಧ ಇಂಚು ಮೇಲಕ್ಕೆ. ಬಿಳಿ ಪಟ್ಟಿ ಅಂಟಿಸಿ ಎಸೆದಾಗ ಅದು ಅಲುಗದೆ ನಿಂತಿತು. ನನ್ನ ಮೊದಲ ಅಳತೆ ಪೂರ್ತಿ ಒಂದು ಇಂಚು ತಪ್ಪಾಗಿತ್ತು.

ಹಳೆಯ ರಂಧ್ರಗಳನ್ನು ರೆಸಿನ್ ಸುರಿದು ಮುಚ್ಚಿ, ಒಂದು ದಿನವಿಡೀ ಗಟ್ಟಿಯಾಗಲು ಬಿಟ್ಟು, ಮೇಲಿನ ಉಬ್ಬನ್ನು ಕತ್ತರಿಸಿ ಉಜ್ಜಿ ಸಮ ಮಾಡಿದರು. ಹೊಸ ವಿನ್ಯಾಸದಲ್ಲಿ ಪಿನ್ ಗುರುತಿನಿಂದ (ಒಳಗಿನ ಕೋರ್‌ನ ತುದಿ ಎಲ್ಲಿದೆಯೆಂದು ಚೆಂಡಿನ ಮೇಲೆ ತೋರಿಸುವ ಚುಕ್ಕೆ) ಅಕ್ಷಬಿಂದುವಿಗೆ 5 ಇಂಚು ದೂರ. ಪಿನ್ ಗುರುತು ಉಂಗುರ ಬೆರಳಿನ ರಂಧ್ರದ ಮೇಲ್ಭಾಗದಲ್ಲಿ. ಈ ದೂರ ಸುಮಾರು 3⅜ ಇಂಚು ಇದ್ದಿದ್ದರೆ ಉಂಗುರಗಳು ಅತ್ಯಂತ ಅಗಲವಾಗಿ ಹರಡಿ ಪ್ರತಿ ಸುತ್ತಿಗೂ ಹೊಸ ಮೇಲ್ಮೈ ಲೇನ್ ತಾಕುತ್ತಿತ್ತು. ಒಣ ಲೇನ್‌ಗೆ ಅದು ಬೇಡ. ಕೊರೆದ ಮೇಲೆ ತಕ್ಕಡಿಯಲ್ಲಿಟ್ಟು ಎಡ ಬಲ, ಮೇಲೆ ಕೆಳಗೆ ತೂಕದ ವ್ಯತ್ಯಾಸ ಮಿತಿಯೊಳಗಿದೆಯೆಂದು ನೋಡಿದರು. 2020ರ ಆಗಸ್ಟ್ 1ರಿಂದ ಹಿಡಿತಕ್ಕಲ್ಲದ ಹೆಚ್ಚುವರಿ ಸಮತೋಲನ ರಂಧ್ರವನ್ನು ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆಯಾದ ಯುಎಸ್‌ಬಿಸಿ ತೆಗೆದುಹಾಕಿರುವುದರಿಂದ, ವಿನ್ಯಾಸದ ತಪ್ಪನ್ನು ಇನ್ನೊಂದು ತೂತು ಕೊರೆದು ಸರಿಪಡಿಸುವ ದಾರಿ ಆ ನಿಯಮಗಳ ಸ್ಪರ್ಧೆಗಳಲ್ಲಿ ಈಗ ಇಲ್ಲ. ಮೊದಲ ಸಲವೇ ಸರಿಯಾಗಿ ಅಳೆಯಬೇಕು.

ಟಕ್ ಟಕ್ ಸದ್ದು ನಿಂತಿತು. ಉಂಗುರಗಳ ಮತ್ತು ಹೆಬ್ಬೆರಳಿನ ರಂಧ್ರದ ನಡುವೆ ಈಗ ಒಂದು ಇಂಚಿಗೂ ಸ್ವಲ್ಪ ಹೆಚ್ಚು ಅಂತರವಿದೆ.

10 ಮತ್ತು 11ನೇ ವಾರ: ಮೇಲ್ಮೈಯ ಮೂರು ಪ್ರಯತ್ನಗಳು

ಮುಚ್ಚಿದ ಭಾಗವನ್ನು ಉಜ್ಜಿದ್ದರಿಂದ ಇಡೀ ಮೇಲ್ಮೈಯನ್ನು ಹೊಸದಾಗಿ ಮಾಡಬೇಕಿತ್ತು. ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಮೇಲ್ಮೈ ನಯವಾಗುತ್ತದೆ, ಚೆಂಡು ಹೆಚ್ಚು ದೂರ ಜಾರುತ್ತದೆ. ಹಾಗಿದ್ದ ಮೇಲೆ ಆದಷ್ಟು ನಯ ಮಾಡಿದರೆ ಒಳ್ಳೆಯದೆಂದು 4000 ಗ್ರಿಟ್‌ವರೆಗೆ ಉಜ್ಜಿ ಅದರ ಮೇಲೆ ಪಾಲಿಶ್ ಹಚ್ಚಿದ್ದು ಮೊದಲ ಪ್ರಯತ್ನ. ಚೆಂಡು ಕನ್ನಡಿಯಂತೆ ಹೊಳೆಯಿತು. ಲೇನ್ ಮೇಲೆ ಅದು ನಡುಭಾಗದಲ್ಲಿ ನೆಲವನ್ನೇ ಗುರುತಿಸದೆ ಜಾರಿ, ಕೊನೆಯಲ್ಲಿ ಒಮ್ಮೊಮ್ಮೆ ಚೂಪಾಗಿ ತಿರುಗಿತು, ಒಮ್ಮೊಮ್ಮೆ ತಿರುಗಲೇ ಇಲ್ಲ. ಒಣ ಲೇನ್‌ನಲ್ಲೂ ನಡುವಿನ ಬೋರ್ಡ್‌ಗಳಲ್ಲಿ ಸ್ವಲ್ಪ ಎಣ್ಣೆ ಉಳಿದಿರುತ್ತದೆ, ಅತಿಯಾದ ಹೊಳಪು ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಎರಡನೆಯ ಪ್ರಯತ್ನದಲ್ಲಿ ಪಾಲಿಶ್ ಪೂರ್ತಿ ತೆಗೆದು 3000 ಗ್ರಿಟ್ ಪ್ಯಾಡ್‌ಗೆ ನಿಲ್ಲಿಸಿದೆ. ಈಗ ನಡೆ ಸಮನಾಯಿತು, ಆದರೆ ಹುಕ್ ಸುಮಾರು ಐದು ಅಡಿಗಳಷ್ಟು ಮುಂಚಿತವಾಗಿ ಆರಂಭವಾಗಿ, ಮೂರನೆಯ ಆಟದಲ್ಲಿ 5-7 ಸ್ಪ್ಲಿಟ್ ಮತ್ತೆ ಕಾಣಿಸಿಕೊಂಡಿತು.

ಮೂರನೆಯದು ಕೊರೆಯುವವರು ಹೇಳಿದ ಹದ. ಒಳಗೆ ಸ್ವಲ್ಪ ಒರಟು ತಳ, ಮೇಲೆ ಪಾಲಿಶ್. ಸ್ಪಿನ್ನರ್‌ನಲ್ಲಿ ಚೆಂಡನ್ನು ತಿರುಗಿಸುತ್ತ, ಒದ್ದೆ ಮಾಡಿದ 2000 ಗ್ರಿಟ್ ಪ್ಯಾಡ್‌ನಿಂದ ನಾಲ್ಕು ಪಕ್ಕಗಳನ್ನೂ ತಲಾ 30 ಸೆಕೆಂಡ್ ಒಂದೇ ಒತ್ತಡದಲ್ಲಿ ಉಜ್ಜಿ, ತೊಳೆದು ಒಣಗಿಸಿ, ನಂತರ ಪಾಲಿಶ್ ಹಚ್ಚಿ ಪ್ರತಿ ಪಕ್ಕವನ್ನೂ 60 ಸೆಕೆಂಡ್ ತಿರುಗಿಸಿದೆವು. ಪಾಲಿಶ್ ಚೆಂಡನ್ನು ಆರಂಭದ 35 ಅಡಿ ಜಾರಿಸುತ್ತದೆ. ತಳದ ಒರಟುತನ ಅದಕ್ಕೆ ನಡುಭಾಗದಲ್ಲಿ ನೆಲದ ಅರಿವು ಕೊಡುತ್ತದೆ. ಕೊನೆಯ 10 ಅಡಿಗಳಲ್ಲಿ ಅದು ಒಂಬತ್ತರಿಂದ ಹತ್ತು ಬೋರ್ಡ್ ದಾಟಿತು, ಎಂದರೆ ಸುಮಾರು ನಾಲ್ಕೂವರೆಯಿಂದ ಐದು ಡಿಗ್ರಿ. ಈಗಲೂ ಇದೇ ಹದದಲ್ಲಿದೆ.

ಪ್ಯಾಡ್‌ಗಳ ಬಗ್ಗೆ ಒಂದು ಎಚ್ಚರಿಕೆ: ನಾಲ್ಕೈದು ಸಲ ಬಳಸಿದ 2000 ಪ್ಯಾಡ್ 2000ದ ಕೆಲಸ ಮಾಡುವುದಿಲ್ಲ, ಅದಕ್ಕಿಂತ ನಯವಾದ ಮೇಲ್ಮೈ ಕೊಡುತ್ತದೆ. ಪ್ಯಾಡ್‌ನ ಹಿಂಬದಿಯಲ್ಲಿ ಬಳಸಿದ ಸಲಗಳನ್ನು ಗೀಟು ಹಾಕಿ ಎಣಿಸುತ್ತಿದ್ದೇನೆ. ಆಟ ಆರಂಭವಾದ ಮೇಲೆ ಸ್ಪರ್ಧೆಯಲ್ಲಿ ಮೇಲ್ಮೈಯನ್ನು ಬದಲಿಸಲು ಅವಕಾಶವಿಲ್ಲ, ಆದ್ದರಿಂದ ಈ ಕೆಲಸವೆಲ್ಲ ಹಿಂದಿನ ದಿನವೇ ಮುಗಿದಿರಬೇಕು.

12 ಮತ್ತು 13ನೇ ವಾರ: ಎಸೆಯುವ ಕ್ರಮ

ಚೆಂಡು ಸಿದ್ಧವಾದರೂ ಕೈ ಹಳೆಯದೇ. ಸ್ಟಾಪ್‌ವಾಚ್ ಪ್ರಕಾರ ನನ್ನ ಚೆಂಡು ಕೈಬಿಟ್ಟು ಪಿನ್ ತಾಕಲು 2.6 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಎಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್ ಸರಾಸರಿ ವೇಗ. ಒಣ ಲೇನ್‌ನಲ್ಲಿ ವೇಗ ಹೆಚ್ಚಿದಷ್ಟೂ ಹುಕ್ ತಡವಾಗುತ್ತದೆ; 2.4 ಸೆಕೆಂಡ್ ನನ್ನ ಗುರಿಯಾಯಿತು. ಮೊದಲು ಭುಜದ ಬಲದಿಂದ ಎಸೆಯಲು ಹೋದೆ. ವೇಗ ಬಂತು, ಆದರೆ ತೋಳು ದೇಹದಿಂದ ದೂರ ಹೋಗಿ, ಕೈ ಚೆಂಡಿನ ಪಕ್ಕಕ್ಕೆ ಸುತ್ತಿ, ಗುರಿ ಮೂರು ಬೋರ್ಡ್‌ಗಳಷ್ಟು ಚದುರಿತು. ಮರುದಿನ ಭುಜ ನೋಯಿತು. ಆ ಪ್ರಯತ್ನವನ್ನು ಒಂದು ವಾರಕ್ಕೆ ಕೈಬಿಟ್ಟೆ. ನಂತರ ಚೆಂಡನ್ನು ಆರಂಭದಲ್ಲಿ ಒಂದು ಗೇಣು ಮೇಲೆ ಹಿಡಿದು, ಒಂದು ಅಡಿ ಹಿಂದಿನಿಂದ ನಡಿಗೆ ಆರಂಭಿಸಿ, ತೋಳನ್ನು ಸಡಿಲವಾಗಿ ತೂಗಲು ಬಿಟ್ಟಾಗ, ಹೆಚ್ಚಿನ ಶ್ರಮವಿಲ್ಲದೆ 2.45 ಸೆಕೆಂಡ್ ಬಂತು. ಅಲ್ಲಿಗೇ ತೃಪ್ತಿಪಟ್ಟೆ.

ಮಣಿಕಟ್ಟನ್ನು ಬಟ್ಟಲಿನಂತೆ ಒಳಕ್ಕೆ ಮಡಿಚಿ ಹಿಡಿಯುವ ಅಭ್ಯಾಸವನ್ನು ಬಿಟ್ಟು ನೇರವಾಗಿ ಹಿಡಿದೆ. ಇದರಿಂದ ಚೆಂಡಿನ ಸುತ್ತುಗಳು ಕಡಿಮೆಯಾದವು. ಫೌಲ್ ಲೈನ್‌ನಿಂದ ಎರಡು ಮೂರು ಅಡಿ ಆಚೆಗೆ ಎತ್ತಿ ಹಾಕುವುದನ್ನೂ ಪ್ರಯತ್ನಿಸಿದೆ. ಅದು ಒಣಗಿದ ಮುಂಭಾಗವನ್ನು ಸ್ವಲ್ಪ ಹಾರಿಸುತ್ತದೆ ನಿಜ, ಆದರೆ ಚೆಂಡು ದೊಪ್ಪೆಂದು ಬಿದ್ದು ಲೇನ್‌ಗೆ ಪೆಟ್ಟಾಗುವುದನ್ನು ಕಂಡು ನಿಲ್ಲಿಸಿದೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ನಿಲ್ಲುವ ಜಾಗ. ಚೆಂಡು ಮುಂದಿನ ಪಿನ್‌ಗೆ ಪೂರ್ತಿ ಬಡಿದಾಗಲೆಲ್ಲ ಪಾದಗಳನ್ನು ಎರಡು ಬೋರ್ಡ್ ಎಡಕ್ಕೆ, ಬಾಣದ ಬಳಿಯ ಗುರಿಯನ್ನು ಒಂದು ಬೋರ್ಡ್ ಎಡಕ್ಕೆ ಸರಿಸುತ್ತ ಹೋದೆ. ಮೊದಲ ಆಟದಲ್ಲಿ 20ನೇ ಬೋರ್ಡ್‌ನಲ್ಲಿ ನಿಂತು 10ನೇ ಬೋರ್ಡ್‌ಗೆ ಗುರಿಯಿಡುವವನು, ಮೂರನೆಯ ಆಟದ ಹೊತ್ತಿಗೆ 28ರಲ್ಲಿ ನಿಂತು 14ಕ್ಕೆ ಗುರಿಯಿಡುತ್ತೇನೆ. ಲೇನ್‌ನ ನಡುವೆ ಎಣ್ಣೆ ಹೆಚ್ಚು ಕಾಲ ಉಳಿಯುವುದರಿಂದ ಚೆಂಡು ಅದರ ಮೇಲೆ ಜಾರಿ, ಎಂಟು ಒಂಬತ್ತನೇ ಬೋರ್ಡ್‌ನ ಸುತ್ತ ಒಣ ಭಾಗವನ್ನು ತಾಕಿ ತಿರುಗುತ್ತದೆ. 10ನೇ ಪಿನ್ ಅಲುಗದೆ ನಿಂತಾಗ ಈಗ ತಕ್ಷಣ ಬಲಕ್ಕೆ ಸರಿಯುವುದಿಲ್ಲ. ಮೊದಲು ಚೆಂಡು ಎಲ್ಲಿ ತಿರುಗಲು ಆರಂಭಿಸಿತೆಂದು ವೀಡಿಯೋದಲ್ಲಿ ನೋಡುತ್ತೇನೆ. ಬೇಗ ತಿರುಗಿ ಸುಸ್ತಾಗಿದ್ದರೆ ಎಡಕ್ಕೇ ಸರಿಯಬೇಕು. ಮೊದಲ ಬಾರಿ ಹೀಗೆ ಮಾಡುವಾಗ ಮನಸ್ಸು ಒಪ್ಪಲಿಲ್ಲ, ಆದರೆ ಮುಂದಿನ ಎಸೆತವೇ ಸ್ಟ್ರೈಕ್ ಆಯಿತು.

14ನೇ ವಾರ: ಮರುಪರೀಕ್ಷೆ

ಮೊದಲ ವಾರದಂತೆಯೇ ಮೂರನೆಯ ಮತ್ತು ನಾಲ್ಕನೆಯ ಆಟಗಳ 30 ಮೊದಲ ಚೆಂಡುಗಳು: ಪಾಕೆಟ್ ಸೇರಿದ್ದು 23, ಮುಂದಿನ ಪಿನ್‌ಗೆ ಪೂರ್ತಿ ಬಡಿದದ್ದು 4, ಪಾಕೆಟ್‌ಗೆ ತಲುಪದೆ ಬಲಕ್ಕೇ ಉಳಿದದ್ದು 3. ಪಾಕೆಟ್ ಸೇರಿದ 23ರಲ್ಲಿ 13 ಸ್ಟ್ರೈಕ್. ಬಲಕ್ಕೆ ಉಳಿದ ಮೂರೂ ಕೈತಪ್ಪಿನವು, ಚೆಂಡಿನವಲ್ಲ. 5-7 ಒಂದೂ ಇರಲಿಲ್ಲ. 10ನೇ ಪಿನ್ ಆರು ಸಲ ನಿಂತಿತು, ಅದಕ್ಕೆ ಇನ್ನೂ ಪರಿಹಾರ ಸಿಕ್ಕಿಲ್ಲ. ಪ್ಲಾಸ್ಟಿಕ್ ಚೆಂಡಿನಿಂದ ನೇರವಾಗಿ ಎಸೆದು ಆರರಲ್ಲಿ ಐದನ್ನು ಬೀಳಿಸಿದೆ.

ಪ್ರತಿ ಎಸೆತದ ನಂತರ ಒಣ ಬಟ್ಟೆಯಲ್ಲಿ ಒರೆಸುತ್ತೇನೆ, ಆಟ ಮುಗಿದ ಕೂಡಲೇ, ಚೆಂಡು ಇನ್ನೂ ಬೆಚ್ಚಗಿರುವಾಗಲೇ, ಕ್ಲೀನರ್ ಹಾಕಿ ಶುಚಿಗೊಳಿಸುತ್ತೇನೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಡುವುದಿಲ್ಲ. ಬಿಸಿ ತಣ್ಣನೆಗಳ ಹಠಾತ್ ಬದಲಾವಣೆಯಿಂದ ಕವಚ ಬಿರುಕು ಬಿಡುತ್ತದೆ. ಈವರೆಗೆ 34 ಆಟಗಳಾಗಿವೆ. ಲೇನ್ ತಾಕುವ ಪಟ್ಟಿಯ ಹೊಳಪು ಪಕ್ಕದ ಭಾಗಕ್ಕಿಂತ ಮಂಕಾಗಿರುವುದು ಕಣ್ಣಿಗೆ ಕಾಣುತ್ತಿದೆ, ಹುಕ್ ಕೂಡ ಒಂದು ಅಡಿಯಷ್ಟು ಬೇಗ ಆರಂಭವಾಗುತ್ತಿದೆ. 40 ಆಟಗಳಿಗೆ ಮತ್ತೆ 2000 ಪ್ಯಾಡ್ ಮತ್ತು ಪಾಲಿಶ್ ಮಾಡಬೇಕು. ಅದಕ್ಕಾಗಿ ಹೊಸ ಪ್ಯಾಡ್ ತಂದಿಟ್ಟಿದ್ದೇನೆ.